ಗಂಜಿ ಹಾಕದ ಕಂಬಳಿ

ನನ್ನ ಎದೆಯೊಳಗನ್ನು ಮೊಮ್ಮಗಳೇ ಟಿ.ವಿ.ಯಲ್ಲಿ ನೋಡುವ ಕಾಲ ಬರುತ್ತದೆ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಅವಳು ಚಿತ್ರದುರ್ಗದ ಆಸ್ಪತ್ರೆಯೊಂದರಲ್ಲಿ ಹೃದಯದ ಎಕೋ ಸ್ಕ್ಯಾನು ತೆಗೆಯುತ್ತಾಳೆ. ನನಗೆ ಕಾಲು ಊದಿ, ನಾಲ್ಕು ಹೆಜ್ಜೆಗೇ ಏದುಸಿರು ಬರತೊಡಗಿದಾಗ ಐಮಂಗಲದಿಂದ ಬಸ್ಸು ಹತ್ತಿಸಿಕೊಂಡು ಹೋದಳು. ಆಗ ಅವಳು ನಾಲ್ಕು ತಿಂಗಳ ಬಸುರಿ. ಹುಟ್ಟುವ ಕೂಸಿನ ಕಂಬಳಿಗೆಂದು ನಾನು ಉಣ್ಣೆ ನೂಲುತ್ತಿದ್ದೆ. ಬೆರಳು ಜೋಮು ಹಿಡಿಯುತ್ತಿತ್ತು. ನೂತು ನೂತು ಹಾಗಾಗಿದೆ ಅಂದುಕೊಂಡೇ ವರ್ಷಗಳು ಕಳೆದಿದ್ದವು.

ಎಡಮಗ್ಗುಲಿಗೆ ಮಲಗಿಸಿ, ತಣ್ಣನೆಯ ಲೋಳೆ ಸವರಿ, ಎದೆಗೆ ಏನನ್ನೋ ಒತ್ತಿ ನೋಡಿದಳು. ವಟವಟ ಮಾತಾಡುತ್ತಿದ್ದವಳು ಇದ್ದಕ್ಕಿದ್ದಂತೆ ಸುಮ್ಮನಾದಳು. ಡಾಕ್ಟರನ್ನು ಕರೆತಂದಳು. ಹೃದಯದ ಗೋಡೆ ದಪ್ಪ ಆಗಿದೆ ಎಂದರು ಅವರು.

ನನಗೆ ಹಿಗ್ಗೋ ಹಿಗ್ಗು. ಕುರಿ ಕೊಳ್ಳುವಾಗ ನಾವು ಬೆನ್ನೆಲುಬಿನ ಪಕ್ಕ ಬೆರಳೊತ್ತಿ ನೋಡುತ್ತೇವೆ. ಮಾಂಸ ದಪ್ಪಗೆ ಸಿಕ್ಕಿದರೆ ಗಟ್ಟಿ ಕುರಿ. ಹೊರಗೆ ಬೆಂಚಿನ ಮೇಲಿದ್ದ ಹೊಳಲ್ಕೆರೆಯ ಹೆಂಗಸಿಗೆ ನನ್ನ ಹೃದಯ ದಪ್ಪ ಎಂದು ಹೇಳಿ, ನಿಮ್ಮದು ಹೇಗೆ ಎಂದೂ ಕೇಳಿದೆ.

ಮೊಮ್ಮಗಳು ಬಂದು ಪಕ್ಕದಲ್ಲಿ ಕುಳಿತಳು.

"ಅಜ್ಜಿ, ಅದು ಮಾಂಸ ಅಲ್ಲ. ಕಂಬಳಿಗೆ ಹುಣಸೆ ಬೀಜದ ಗಂಜಿ ಹಾಕ್ತಾರಲ್ಲ, ಒಣಗಿದ ಮೇಲೆ ಹೆಂಗಿರ್ತೈತೆ?"

"ಸೆಟ್ಕಂಡು ನಿಂತಿರ್ತೈತೆ. ಮಡಚಕ್ಕೂ ಬರಲ್ಲ."

"ನಿನ್ ಹೃದಯದ ಗೋಡೆಗೂ ಹಂಗೇ ಏನೋ ತುಂಬ್ಕಂಡೈತೆ."

ಒಳಗೆ ಕರೆದೊಯ್ದು ಕಂಪ್ಯೂಟರಿನಲ್ಲಿ ಅವಳು ತೋರಿಸಿದ್ದು ಒಂದು ದುಂಡನೆಯ ಚಿತ್ರ. ನಡುವೆ ಕೆಂಪು, ಸುತ್ತಲೂ ಬಿಳಿಚಿಕೊಂಡಿತ್ತು. ಆ ಕೆಂಪು ಹೃದಯದ ತುದಿಯಂತೆ, ಅದು ಮಾತ್ರ ಚೆನ್ನಾಗಿ ಕುಗ್ಗುತ್ತಿದೆಯಂತೆ, ಉಳಿದದ್ದು ಸೋತಿದೆಯಂತೆ. ಎಷ್ಟು ಕುಗ್ಗುತ್ತದೆ ಎಂದು ಅಳೆದು, ಕಾಯಿಲೆ ಎಷ್ಟು ಬಲಿತಿದೆ, ಮುಂದೆ ಹೇಗೆ ಎಂದು ಡಾಕ್ಟರು ಅಂದಾಜು ಕಟ್ಟುತ್ತಾರಂತೆ.

"ನಿನ್ ಬಾಣಂತನಕ್ಕೆ ನಾನ್ ಇರ್ತೀನೇನೇ?" ಎಂದೆ.

ಅವಳು ನನ್ನ ಜೋಮು ಹಿಡಿದ ಬೆರಳುಗಳನ್ನು ತಿಕ್ಕುತ್ತಾ ಕುಳಿತಳು. ಆ ಜೋಮೂ ಇದೇ ಕಾಯಿಲೆಯದ್ದಂತೆ!

ರಕ್ತ ಪರೀಕ್ಷೆ, ಇನ್ನೊಂದು ಸ್ಕ್ಯಾನು ಎಲ್ಲ ಆಗಿ ಮಾತ್ರೆ ಶುರುವಾಯಿತು. ಹೆರಿಗೆಗೆ ಇನ್ನೊಂದು ತಿಂಗಳು ಇರುವಾಗ ಅವಳೇ ಮತ್ತೆ ಎಕೋ ತೆಗೆದಳು. ಹೊಟ್ಟೆ ಅಡ್ಡ ಬಂದು ಬಗ್ಗುವುದಕ್ಕೆ ಪಡಬಾರದ ಪಾಡು ಪಟ್ಟಳು. ಈ ಸಲವೂ ನಡುವೆ ಮಾತು ನಿಲ್ಲಿಸಿದಳು.

"ಹೃದಯ ಕುಗ್ಗೋ ಅಳತೆ ಹೋದ ಸಲ ಎಲ್ಲಿತ್ತೋ ಅಲ್ಲೇ ಐತಜ್ಜಿ. ಇಳಿದಿಲ್ಲ."

ನಂಬಲಿಕ್ಕಾಗದೆ ಇನ್ನೊಂದು ಸಲ ಒತ್ತಿ ನೋಡು ಎಂದೆ. ನೋಡಿದಳು. ವಾಸಿಯಾಗಿಲ್ಲ, ನಿಂತಿದೆ ಅಷ್ಟೆ ಎಂದರು ಡಾಕ್ಟರು. ಆ ‘ಅಷ್ಟೆ’ ನನಗೆಷ್ಟು ದೊಡ್ಡದು ಎಂದು ಅವರಿಗೇನು ಗೊತ್ತು.

ಈಗ ಮರಿಮಗಳಿಗೆ ನೀರು ಹಾಕುವವಳು ನಾನೇ, ಕುಂತುಕೊಂಡು. ಕಂಬಳಿ ನೇಯುವವನಿಗೆ ಗಂಜಿ ಹಚ್ಚಬೇಡಪ್ಪ ಎಂದಿದ್ದೆ. ಜೋಲುತ್ತದೆ ಎಂದು ಗೊಣಗಿದ. ಜೋಲಲಿ ಎಂದೆ. ಕೂಸು ಒದ್ದಾಗಲೆಲ್ಲ ಕಂಬಳಿ ಮೆತ್ತಗೆ ಮಡಚಿಕೊಳ್ಳುತ್ತದೆ.