ಪೊಟ್ಟಣದ ಮೇಲಿದ್ದ ಊರು

ಬ್ಯಾಂಕಿನವರು ನನ್ನನ್ನು ಎಣ್ಣೂರಿನ ಶಾಖೆಗೆ ವರ್ಗ ಮಾಡಿದಾಗ ಮನೆಯಲ್ಲಿ ಎಲ್ಲರೂ ಕನಿಕರದಿಂದ ನೋಡಿದರು. ಯಜಮಾನರ ರೈಲ್ವೆ ಕೆಲಸದಿಂದಾಗಿ ನಾವಿದ್ದದ್ದು ತಾಂಬರದಲ್ಲಿ. ಎಣ್ಣೂರು ಚೆನ್ನೈಯ ಇನ್ನೊಂದು ತುದಿ. ಬೆಳಿಗ್ಗೆ ಎಲೆಕ್ಟ್ರಿಕ್ ಗಾಡಿ ಹತ್ತಿ, ಬೀಚ್ ಸ್ಟೇಷನ್ನಿನಲ್ಲಿ ಇಳಿದು, ಗುಮ್ಮಿಡಿಪೂಂಡಿ ಕಡೆಯ ಗಾಡಿಗೆ ಕಾದು, ಬ್ಯಾಂಕು ಮುಟ್ಟುವಷ್ಟರಲ್ಲಿ ದಿನದ ಅರ್ಧ ಶಕ್ತಿ ಖರ್ಚಾಗಿರುತ್ತಿತ್ತು. ಅನ್ನ ಸಾರು ಕಟ್ಟಿಕೊಂಡು ಹೋಗುವ ವ್ಯವಧಾನವಿರಲಿಲ್ಲ. ಒಂದು ಬಾಟಲಿ ಮಜ್ಜಿಗೆ, ಒಂದು ಡಬ್ಬಿ ಹುರಿಹಿಟ್ಟು ಒಯ್ಯುತ್ತಿದ್ದೆ. ಹಾಸನದ ಕಡೆ ನಮ್ಮವರು ರಾಗಿಗೆ ಮಜ್ಜಿಗೆ ಚಿಮುಕಿಸಿ, ಬಟ್ಟೆಯಲ್ಲಿ ಕಟ್ಟಿಟ್ಟು, ಕಾದ ಬಾಣಲೆಯಲ್ಲಿ ಅರಳಿಸಿ ಬೀಸಿಸುವ ಹಿಟ್ಟು ಅದು. ಕಲಸಿ ಕುಡಿದರೆ ಸಂಜೆಯವರೆಗೆ ಹಸಿವು ಹತ್ತಿರ ಸುಳಿಯುವುದಿಲ್ಲ.

ಆ ಶಾಖೆಗೆ ಕುಪ್ಪದ, ಎಂದರೆ ಮೀನುಗಾರರ ಕೇರಿಯ, ಹೆಂಗಸರು ಗುಂಪಾಗಿ ಬರುತ್ತಿದ್ದರು, ತಮ್ಮ ಸ್ವಸಹಾಯ ಸಂಘದ ಕೆಲಸಕ್ಕೆ. ಅವರ ಮುಂದಾಳು ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು. ಎಲ್ಲರೂ ಅಕ್ಕಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರು ಆಡುತ್ತಿದ್ದದ್ದು ತಮಿಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಂದು ಮಧ್ಯಾಹ್ನ ನಾನು ಲೋಟದಲ್ಲಿ ಹಿಟ್ಟು ಕಲಸುತ್ತಿದ್ದುದನ್ನು ನೋಡಿ, "ಏನು ಮೇಡಂ ಅದು, ಸಿಮೆಂಟಾ?" ಎಂದರು. ಕೊಟ್ಟೆ. ಒಂದು ಗುಟುಕು ಕುಡಿದರು. ಆಮೇಲೆ ಸಂಗಡದವಳಿಗೆ ಲೋಟ ದಾಟಿಸಿ, "ನಮ್ಮ ರಾಗಿ ಗಂಜಿ, ಕೂಳಿನ ಥರಾನೇ. ಆದರೆ ಏನು ವಾಸನೆ ಕಣೇ, ಪಾಯಸಕ್ಕೆ ತುಪ್ಪ ಬಿಟ್ಟ ಹಾಗೆ" ಎಂದರು. ಬ್ಯಾಂಕಿನ ಬೆಂಚಿನ ಮೇಲೆ ನನ್ನ ಡಬ್ಬಿ ಖಾಲಿಯಾಯಿತು.

ಅಳಿವೆಯಲ್ಲಿ ಸಿಗಡಿ ಕಡಿಮೆಯಾಗಿದೆ ಎನ್ನುವ ಮಾತು ಅವರ ಬಾಯಲ್ಲಿ ದಿನವೂ ಇತ್ತು. ಹಿಂದೆಲ್ಲ ಸೊಂಟದವರೆಗಿನ ನೀರಿನಲ್ಲಿ ನಿಂತು ಬುಟ್ಟಿ ತುಂಬಿಸುತ್ತಿದ್ದವರು ಈಗ ಮಂಡಿಯುದ್ದದ ಕೆಸರಿನಲ್ಲಿ ತಡಕಾಡಿ ಬರಿಗೈಯಲ್ಲಿ ಬರುತ್ತಿದ್ದರು. ಸುತ್ತ ಎಷ್ಟೋ ಕಾರ್ಖಾನೆಗಳು, ಬಂದರು, ಬೂದಿ. ಯಾರನ್ನು ಕೇಳುವುದೆಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಸ್ವಯಂ ನಿವೃತ್ತಿ ತೆಗೆದುಕೊಂಡ ಮೇಲೆ ಇದನ್ನೆಲ್ಲ ನನ್ನ ಗೆಳತಿಯೊಬ್ಬಳ ಹತ್ತಿರ ಹೇಳಿದೆ. ಮೈಸೂರಿನವಳು, ಮೈಲಾಪೂರಿನ ಹಳೆಯ ಫ್ಲ್ಯಾಟೊಂದರಲ್ಲಿ ಒಬ್ಬಳೇ ಇದ್ದಳು. ಜಾಹೀರಾತು ಕಂಪನಿಯಲ್ಲಿ ಬಹಳ ವರ್ಷ ಕೆಲಸ ಮಾಡಿ, ಸೋಪು ಶಾಂಪುಗಳ ಬಗ್ಗೆ ಬರೆದು ಬೇಸತ್ತಿದ್ದಳು. ನಾನು ಹೇಳಿ ಮುಗಿಸುವ ಮೊದಲೇ ಎದ್ದು ಕೂತಳು.

"ಹುರಿಹಿಟ್ಟು ನಿಂದು, ಕೈ ಅವರದ್ದು, ಮಾತು ನಂದು. ಶುರು ಮಾಡೋಣ."

"ಮಾರೋದು ನಂಗೆ ಬರಲ್ಲ ಕಣೇ."

"ಹಿಟ್ಟು ಎಲ್ಲಾರೂ ಮಾರ್ತಾರೆ. ನಾವು ಯಾಕೆ ಮಾಡ್ತಿದೀವಿ ಅನ್ನೋದನ್ನ ಹೇಳೋಣ. ಜನ ಅದನ್ನ ತಗೋತಾರೆ."

ಕುಪ್ಪದ ಪಕ್ಕದಲ್ಲೇ ಒಂದು ಶೀಟಿನ ಮನೆ ಸಿಕ್ಕಿತು. ನೆಲಕ್ಕೆ ಟೈಲ್ಸ್ ಹಾಕಿಸಿ, ಕಿಟಕಿಗಳಿಗೆ ಬಲೆ ಹೊಡೆಸಿ, ಸರ್ಕಾರದ ಪರವಾನಗಿ ಪಡೆದೆವು. ಹಾಸನದಿಂದ ಲಾರಿಯಲ್ಲಿ ರಾಗಿ ಬಂತು. ಅರಳಿಸುವುದನ್ನು ನಾನೇ ಕಲಿಸಿದೆ. ಬಾಣಲೆ ಕಾದಿರುವ ಹದ ತಪ್ಪಿದರೆ ರಾಗಿ ಸೀಯುತ್ತದೆ, ಅರಳುವುದಿಲ್ಲ. ಮೊದಮೊದಲು ಎಲ್ಲರೂ ಸೀಯಿಸಿದರು, ನಕ್ಕರು, ಕೆಮ್ಮಿದರು. ಅಕ್ಕ ಮಾತ್ರ ನಗುತ್ತಿರಲಿಲ್ಲ. ಬಾಣಲೆಯ ಮುಂದೆ ಸೆರಗು ಬಿಗಿದು ಕೂತು, ರಾಗಿ ಚಟಪಟ ಎಂದು ಬೆಳ್ಳಗೆ ಹೂವಾಗುವವರೆಗೂ ಉಸಿರು ಬಿಡುತ್ತಿರಲಿಲ್ಲ. ಮೊದಲ ಸಲ ಸರಿಯಾಗಿ ಬಂದ ದಿನ ಒಂದು ಹಿಡಿ ಅರಳನ್ನು ಮನೆಗೆ ಒಯ್ದು ಗಂಡನಿಗೆ ತೋರಿಸಿದರಂತೆ.

ಪೊಟ್ಟಣದ ಮೇಲೆ ಅವರೆಲ್ಲರ ಕೈಗಳ ಫೋಟೋ ಹಾಕಿದೆವು. ಕೆಳಗೆ ತಮಿಳು ಮತ್ತು ಇಂಗ್ಲಿಷಿನಲ್ಲಿ, "ಎಣ್ಣೂರಿನ ಹೆಂಗಸರು ಹುರಿದದ್ದು" ಎಂದಿತ್ತು. ಹಿಂಭಾಗದಲ್ಲಿ ಗೆಳತಿ ಬರೆದ ನಾಲ್ಕು ಸಾಲು: ಅಳಿವೆ ಬತ್ತಿದ ಕಥೆ, ಕೈಗಳು ಹೊಸ ಕೆಲಸ ಕಲಿತ ಕಥೆ. ಅಕ್ಕ ಅದನ್ನು ಓದಿಸಿ ಕೇಳಿ, "ನಮ್ಮೂರಿನ ಹೆಸರು ಇಂಥ ಒಳ್ಳೇ ಕಾಗದದ ಮೇಲೆ ನಾನು ನೋಡಿರಲಿಲ್ಲ" ಎಂದರು.

ಕಥೆ ಓಡಿತು. ಮೈಲಾಪೂರಿನ ಸಾವಯವ ಅಂಗಡಿಗಳಲ್ಲಿ, ಭಾನುವಾರದ ಸಂತೆಗಳಲ್ಲಿ ಜನ ಪೊಟ್ಟಣ ತಿರುಗಿಸಿ ಓದುತ್ತಿದ್ದರು, ಎರಡು ಕೊಳ್ಳುತ್ತಿದ್ದರು. ಗೆಳತಿ ಮೇಜಿನ ಹಿಂದೆ ನಿಂತು ಹೇಳುವಾಗ ನನಗೇ ಕಣ್ಣು ತುಂಬುತ್ತಿತ್ತು. ಅಂಗಡಿಗಳ ಒಂದು ದೊಡ್ಡ ಸರಪಳಿಯವರು ಎಲ್ಲ ಶಾಖೆಗಳಿಗೂ ಹಿಟ್ಟು ಬೇಕೆಂದರು. ಇನ್ನಷ್ಟು ಹೆಂಗಸರು ಬಂದರು. ಶೀಟಿನ ಮನೆ ಸಾಲದೆ ಹಿಂದೆ ಇನ್ನೊಂದು ಕಟ್ಟಿಸುವ ಮಾತೂ ಆಡಿದೆವು.

ಆಮೇಲೆ ಆ ಕಡೆಯ ಗಾಳಿ ಕೆಟ್ಟಿತು. ಯಾವ ಕೊಳವೆಯಿಂದ, ಯಾರ ತಪ್ಪಿನಿಂದ ಎಂದು ನಾನು ಹೇಳಲಾರೆ, ಹೇಳಬೇಕಾದವರೇ ಹೇಳಲಿಲ್ಲ. ಒಂದು ಬೆಳಿಗ್ಗೆ ಕುಪ್ಪದವರು ಮೂಗಿಗೆ ಬಟ್ಟೆ ಕಟ್ಟಿಕೊಂಡು ರಸ್ತೆಗೆ ಬಂದರು. ಅಳಿವೆಯ ನೀರಿನ ಮೇಲೆ ಕಪ್ಪು ಪೊರೆ ತೇಲಿತ್ತು. ಟಿವಿಯವರು ಬಂದರು. ನಮ್ಮಲ್ಲಿ ಹುರಿಯುತ್ತಿದ್ದ ಒಬ್ಬಳು ಕ್ಯಾಮರಾದ ಮುಂದೆ ಆ ಕಪ್ಪು ಮೆತ್ತಿದ ಅಂಗೈ ತೋರಿಸಿ ಅತ್ತದ್ದು ಎಲ್ಲರ ಫೋನಿನಲ್ಲೂ ಹರಿದಾಡಿತು.

ಮೊದಲು ಬಂದದ್ದು ಸಹಾನುಭೂತಿಯೇ. ಆರ್ಡರ್ ಹೆಚ್ಚಾಯಿತು. ಆಮೇಲೆ ಅಡ್ಯಾರಿನ ಒಬ್ಬ ತಾಯಿ ಬರೆದರು: "ಇದನ್ನು ಅಲ್ಲೇ ಮಾಡುತ್ತೀರಾ? ನನ್ನ ಮಗು ದಿನಾ ಕುಡಿಯುತ್ತದೆ." ಅದರಲ್ಲಿ ಕೋಪವಿರಲಿಲ್ಲ. ಬರಿಯ ಭಯ. ಅವರ ಜಾಗದಲ್ಲಿದ್ದರೆ ನಾನೂ ಕೇಳುತ್ತಿದ್ದೆ. ನನಗೂ ಮಗಳಿದ್ದಾಳೆ, ಅವಳೂ ಅದನ್ನೇ ಕುಡಿದು ಕಾಲೇಜಿಗೆ ಹೋಗುತ್ತಿದ್ದಳು. ಆ ಪ್ರಶ್ನೆಯ ಹಿಂದೆಯೇ ಇನ್ನೂ ಹತ್ತಾರು ಬಂದವು.

ಹಿಟ್ಟನ್ನು ಪ್ರಯೋಗಾಲಯಕ್ಕೆ ಕಳಿಸಿದೆವು. ಯಾವ ದೋಷವೂ ಇಲ್ಲವೆಂದು ವರದಿ ಬಂತು. ಗೆಳತಿ ಅದನ್ನು ಎಲ್ಲರಿಗೂ ಕಾಣುವಂತೆ ಹಾಕಿದಳು. ಅದುವರೆಗೆ ಅನುಮಾನ ಪಡದವರಿಗೂ ಆಗ ಅನುಮಾನ ಹುಟ್ಟಿತು. ಏನೋ ಇಲ್ಲದೆ ಪರೀಕ್ಷೆ ಯಾಕೆ ಮಾಡಿಸುತ್ತಾರೆ? ನಾನು ಸೋಫಾದಲ್ಲಿ ಕೂತು ಜನ ಬರೆದದ್ದನ್ನೆಲ್ಲ ಒಂದೊಂದಾಗಿ ಓದುತ್ತಿದ್ದರೆ ಮಗಳು ಬಂದು ಫೋನು ಕಿತ್ತುಕೊಂಡಳು. "ಪಡಿಕ್ಕಾದೇಮ್ಮಾ, ಪ್ಲೀಸ್" ಎಂದಳು. ಓದಬೇಡಮ್ಮಾ ಎಂದು. ಯಜಮಾನರು ಪೇಪರಿನಿಂದ ತಲೆ ಎತ್ತಿ, "ಜನ ಮರೀತಾರೆ ಬಿಡು, ಒಂದ್ ತಿಂಗ್ಳು ತಡ್ಕೊ" ಎಂದರು. ಜನ ಗಾಳಿ ಕೆಟ್ಟದ್ದನ್ನು ಬೇಗ ಮರೆತರು. ಪೊಟ್ಟಣದ ಮೇಲಿನ ಹೆಸರನ್ನು ಮರೆಯಲಿಲ್ಲ.

ಅಂಗಡಿ ಸರಪಳಿಯ ಖರೀದಿ ವಿಭಾಗದವರು ನಮ್ಮಿಬ್ಬರನ್ನೂ ಕರೆಸಿದರು. ಮೆತ್ತಗೆ ಮಾತಾಡುವ ಮನುಷ್ಯ. ಕಾಫಿ ತರಿಸಿ ಕೊಟ್ಟರು.

"ಮೇಡಂ, ಪ್ರಾಡಕ್ಟ್ ಸೂಪರ್. ನಮ್ಮ ಮನೆಯಲ್ಲೂ ಅದೇ. ಆದರೆ ಶೆಲ್ಫಿನಿಂದ ಯಾರೂ ಎತ್ತುತ್ತಾ ಇಲ್ಲ. ಕಿಚನ್ ಈ ಕಡೆ ಎಲ್ಲಾದರೂ ಶಿಫ್ಟ್ ಮಾಡಿ. ಆ ಊರಿನ ಹೆಸರು ತೆಗೆಯಿರಿ. ಹೆಂಗಸರು ಮಾಡಿದ್ದು ಅಂತಷ್ಟೇ ಇರಲಿ, ಸಾಕು."

"ಆ ಊರಿಗೋಸ್ಕರ ಶುರು ಮಾಡಿದ್ದು ಸರ್ ಇದು" ಎಂದೆ.

"ಗೊತ್ತು ಮೇಡಂ," ಎಂದರು. ನಿಜಕ್ಕೂ ಗೊತ್ತಿತ್ತು ಅವರಿಗೆ. "ನಾನೇನು ಮಾಡಲಿ, ಹೇಳಿ."

ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ನಾವಿಬ್ಬರೂ ಜಗಳವಾಡಿದೆವು.

"ಈಗ ಉಳಿಸ್ಕೊಂಡ್ರೆ ನಾಳೆ ವಾಪಸ್ ಹೋಗ್ಬಹುದು. ಮುಚ್ಚಿಬಿಟ್ರೆ ಯಾರಿಗೆ ಏನ್ ಸಿಗತ್ತೆ?" ಎಂದಳು.

"ಉಳಿಸ್ಕೊಳ್ಳೋದು ಏನನ್ನ? ಬರೀ ಪೊಟ್ಟಣಾನಾ?"

"ನಿಂಗೆ ಬೇರೆ ದಾರಿ ಕಾಣ್ತಿದ್ರೆ ಹೇಳು. ನಂಗೂ ನಿದ್ದೆ ಬರ್ತಿಲ್ಲ ಕಣೇ."

ಬಸ್ಸು ಬಂತು, ಇಬ್ಬರೂ ಹತ್ತಲಿಲ್ಲ.

ಹೆಂಗಸರಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಒಲೆಗಳನ್ನು ಆರಿಸಿ ಎಲ್ಲರೂ ನೆಲದ ಮೇಲೆ ಕೂತರು. ಬರುವಾಗ ಗಾಡಿಯಲ್ಲಿ ಜೋಡಿಸಿಕೊಂಡ ಮಾತೊಂದೂ ನಾಲಿಗೆಗೆ ಬರಲಿಲ್ಲ. ಜನ ಹೆದರಿದ್ದಾರೆ, ತಾಂಬರದಲ್ಲಿ ಜಾಗ ನೋಡಿದ್ದೇವೆ, ಬರುವವರೆಲ್ಲ ಅಲ್ಲಿಗೆ ಬನ್ನಿ, ರೈಲಿನ ಪಾಸು ನಾವು ಕೊಡುತ್ತೇವೆ ಎಂದೆ.

ಅಕ್ಕ ಕೇಳಿದರು, "ರಾಗಿ ನಿಮ್ಮೂರಿಂದ ಬರುತ್ತೆ ಅಲ್ವಾಮ್ಮಾ?"

"ಹೌದಕ್ಕಾ."

"ನೀರು ಕ್ಯಾನಿನಲ್ಲಿ ಬರುತ್ತೆ. ಮಜ್ಜಿಗೆ ಪ್ಯಾಕೆಟ್ಟು. ಹಾಗಾದರೆ ಇದರಲ್ಲಿ ನಮ್ಮದು ಏನಿದೆ, ಅವರು ಹೆದರೋಕೆ?"

ಉತ್ತರ ಅವರ ಮಡಿಲಲ್ಲೇ ಇತ್ತು. ಅವರೂ ಅದನ್ನು ಕಂಡರು. ಎರಡು ಕೈಗಳನ್ನೂ ಒಮ್ಮೆ ನೋಡಿಕೊಂಡು ಸೆರಗಿನಲ್ಲಿ ಒರೆಸಿದರು. ಒರೆಸಲು ಏನೂ ಇರಲಿಲ್ಲ. ನಾನು ಎದ್ದು ಹೊರಗೆ ಹೋಗಿ ನಿಂತೆ. ಅಲ್ಲಿ ಅಳಬಾರದಿತ್ತು, ಅಳುವ ಹಕ್ಕು ನನ್ನದಾಗಿರಲಿಲ್ಲ.

ತಾಂಬರಕ್ಕೆ ಕೆಲವರು ಬಂದರು. ಕತ್ತಲಿರುವಾಗಲೇ ಮನೆ ಬಿಟ್ಟು, ಎರಡು ಗಾಡಿ ಬದಲಿಸಿ, ಬಾಣಲೆ ಇಡುವ ಹೊತ್ತಿಗೆ ಕಣ್ಣು ಮುಚ್ಚಿಹೋಗುವಷ್ಟು ದಣಿದಿರುತ್ತಿದ್ದರು. ಒಬ್ಬಳ ಮಗುವಿಗೆ ಜ್ವರ ಬಂತು, ಅವಳು ನಿಂತಳು. ಇನ್ನೊಬ್ಬಳ ಗಂಡ ಬೇಡವೆಂದ. ಮತ್ತೊಬ್ಬಳು ಹೇಳದೆಯೇ ಬಿಟ್ಟಳು. ಕೊನೆಗೆ ಅಕ್ಕ ಒಬ್ಬರೇ ಬರುತ್ತಿದ್ದರು. ಒಂದು ಸಂಜೆ ಸೀರೆಯ ಮೇಲಿನ ಹಿಟ್ಟು ಕೊಡವಿಕೊಳ್ಳುತ್ತಾ, "ಗಾಡಿಯಲ್ಲಿ ಮಂಡಿ ಹಿಡಿಯುತ್ತೆಮ್ಮಾ. ನಾಳೆಯಿಂದ ಬೇಡ" ಎಂದರು. ನಾನು ತಡೆಯಲಿಲ್ಲ. ತಡೆದು ಏನು ಕೊಡಬಲ್ಲೆ ಎಂದು ಗೊತ್ತಿರಲಿಲ್ಲ. ಸ್ಟೇಷನ್ನಿನವರೆಗೆ ಜೊತೆಗೆ ಹೋದೆ. ಹೆಂಗಸರ ಡಬ್ಬಿಯಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು ಅವರಿಗೆ.

ಈಗ ತಾಂಬರದ ಹೆಂಗಸರು ಹುರಿಯುತ್ತಾರೆ. ಅವರೂ ಕಷ್ಟದಲ್ಲಿರುವವರೇ, ಒಳ್ಳೆಯವರೇ, ಕೆಲಸವೂ ಚೆನ್ನ. ಪೊಟ್ಟಣದ ಮೇಲೆ ಫೋಟೋ ಇಲ್ಲ, ಯಾರೋ ಬರೆದ ಚಿತ್ರವಿದೆ: ಮುಖವಿಲ್ಲದ ಹೆಂಗಸು, ಕೈಯಲ್ಲಿ ತೆನೆ. ವ್ಯಾಪಾರ ಮೊದಲಿಗಿಂತ ಹೆಚ್ಚಾಗಿದೆ. ನಷ್ಟವಾಗಿದ್ದರೆ ಮುಚ್ಚಿ ಮನೆಗೆ ಹೋಗಬಹುದಿತ್ತು. ಇದು ನಡೆಯುತ್ತಿದೆ, ಬಿಡುವುದಕ್ಕೆ ಕಾರಣವಿಲ್ಲ, ಹಿಡಿದುಕೊಳ್ಳುವುದಕ್ಕೆ ಇದ್ದ ಕಾರಣ ಹೋಗಿದೆ.

ಧ್ಯೇಯವಿಟ್ಟುಕೊಂಡು ಆಹಾರದ ಉದ್ಯಮ ಕಟ್ಟಿದವರ ಸಭೆಯೊಂದಕ್ಕೆ ಗೆಳತಿಯನ್ನು ಮಾತಾಡಲು ಕರೆದರು. ನಾನು ಸಭಿಕರಲ್ಲಿ ಕೂತಿದ್ದೆ. ಅವಳು ಚೆನ್ನಾಗಿ ಮಾತಾಡಿದಳು. ಕೊನೆಗೆ ಒಬ್ಬ ಹುಡುಗಿ ಎದ್ದು, "ಇಷ್ಟು ಬೆಳೆದ ಮೇಲೂ ಧ್ಯೇಯವನ್ನು ಹೇಗೆ ಕಾಪಾಡಿಕೊಂಡಿರಿ?" ಎಂದು ಕೇಳಿದಳು. ಗೆಳತಿಯ ಕಣ್ಣು ಸಾಲುಗಳಲ್ಲಿ ನನ್ನನ್ನು ಹುಡುಕಿತು. "ಹೆಂಗಸರ ಜೊತೆ ಕೆಲಸ ಮಾಡೋದನ್ನ ನಾವು ನಿಲ್ಲಿಸಲಿಲ್ಲ" ಎಂದಳು. ಚಪ್ಪಾಳೆ ಬಿತ್ತು.

ವಾಪಸ್ಸು ಬರುವಾಗ ಆಟೋದಲ್ಲಿ, "ಸುಳ್ಳು ಹೇಳ್ಲಿಲ್ಲ ಕಣೇ ನಾನು" ಎಂದಳು.

"ಇಲ್ಲ, ಹೇಳ್ಲಿಲ್ಲ" ಎಂದೆ. ಅವಳ ಕೈ ಹಿಡಿದುಕೊಂಡೆ. ತಣ್ಣಗಿತ್ತು.

ಈ ಸಲದ ಪೊಂಗಲ್ ಹಬ್ಬ ಕಳೆದ ಮೇಲೆ ಎಣ್ಣೂರಿಗೆ ಹೋಗಿದ್ದೆ. ಅಕ್ಕ ಮನೆಯಲ್ಲೇ ಇದ್ದರು, ಸಂಜೆ ಹೊತ್ತು ಸ್ಟೇಷನ್ನಿನ ಹೊರಗೆ ಇಡಿಯಾಪ್ಪ ಮಾರುತ್ತಾರಂತೆ. ಸೊಸೆಗೆ ದೂರದ ಸಿಹಿ ತಿಂಡಿ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸ ಸಿಕ್ಕಿದೆ ಎಂದರು. ಊರು ಯಾವುದೆಂದು ಅಲ್ಲಿಯವರು ಕೇಳಿದಾಗ ಅವಳು ತವರುಮನೆಯ ಊರು ಹೇಳಿದಳಂತೆ. "ಬುದ್ಧಿವಂತೆ" ಎಂದು ಅಕ್ಕ ಹೆಮ್ಮೆಯಿಂದಲೇ ಹೇಳಿದರು. ನಾನು ತಲೆಯಾಡಿಸಿದೆ.

ಊಟ ಮಾಡದೆ ಏಳಲು ಬಿಡಲಿಲ್ಲ. ತಟ್ಟೆಗೆ ಅನ್ನ ಹಾಕಿ, ಮೇಲೆ ಸಿಗಡಿ ಸಾರು ಬಿಟ್ಟರು. ಹುಣಸೆಹುಳಿಯ ಘಮಲು ಮೂಗಿಗೆ ಬಡಿಯಿತು. ನಾನು ತುತ್ತು ಕಲಸುವಷ್ಟರಲ್ಲಿ ಅವರು ಸೌಟು ಹಿಡಿದೇ ಹೇಳಿದರು, "ಕಾಸಿಮೇಡಿನ ಮೀನುಪೇಟೆಯಿಂದ ತರಿಸಿದ್ದು ಇದು. ನಮ್ಮ ಅಳಿವೆಯದ್ದಲ್ಲ. ಧೈರ್ಯವಾಗಿ ತಿನ್ನಿ."

ನಾನು ಕೇಳಿರಲಿಲ್ಲ. ಕೇಳಬೇಕೆಂದು ಅನಿಸಿಯೂ ಇರಲಿಲ್ಲ.

"ಎಲ್ಲಿದಾದರೂ ತಿಂತೀನಿ ಅಕ್ಕಾ" ಎಂದೆ.

"ನೀವು ತಿಂತೀರಿ" ಎಂದರು ಅವರು, ಇನ್ನೊಂದು ಸೌಟು ಬಡಿಸುತ್ತಾ. "ತಿನ್ನಿ, ಆರಿಹೋಗುತ್ತೆ."