ಏಕಾಂತಮ್ಮ ಮಗನ ಪಕ್ಷ ಬಿಟ್ಟ ದಿನ

ತಾಳ್ಯದ ಶಾಲೆಯಲ್ಲಿ ನಾನು ಹನ್ನೊಂದು ವರ್ಷ ಮುಖ್ಯೋಪಾಧ್ಯಾಯನಾಗಿದ್ದೆ. ಅಷ್ಟು ವರ್ಷವೂ ಬಿಸಿಯೂಟದ ಅಡುಗೆ ಏಕಾಂತಮ್ಮನದು. ಸಾರಿಗೆ ಉಪ್ಪು ಹೆಚ್ಚಾದರೆ ಮಕ್ಕಳು ಹೇಳುವ ಮೊದಲೇ ಒಪ್ಪಿಕೊಳ್ಳುತ್ತಿದ್ದಳು. ತಟ್ಟೆ ಬಿಟ್ಟು ಎದ್ದ ಮಗುವನ್ನು ಬಯ್ಯದೆ ಹಣೆ ಮುಟ್ಟಿ ನೋಡುತ್ತಿದ್ದಳು. ಇಂಥವಳ ಮಗ ಚೇತನ್‌ಕುಮಾರ್. ಅವನು ನನ್ನ ಶಿಷ್ಯನೂ ಹೌದು. ಆದ್ದರಿಂದ ನಾನೀಗ ಹೇಳಲಿರುವ ಅವನ ನಾಚಿಕೆಗೇಡಿನಲ್ಲಿ ನನಗೂ ಪಾಲಿದೆ.

ಅವನಿಗೆ ಹೊಳಲ್ಕೆರೆಯಲ್ಲಿ ಮೋಟಾರು ರಿಪೇರಿ ಅಂಗಡಿ; ವಾಸ ತಾಳ್ಯದಲ್ಲಿ, ತಾಯಿಯ ಜೊತೆ. ಹೆಂಡತಿ ಅನುಸೂಯ ಹೊಸದುರ್ಗದಲ್ಲಿ ನರ್ಸು. ಇಬ್ಬರೂ ಬೇರೆಯಾಗಿ ಎರಡು ವರ್ಷ. ಎಂಟು ವರ್ಷದ ಮಗಳು ಮೇಘಶ್ರೀ ತಾಯಿಯ ಬಳಿ ಇದ್ದು, ತಿಂಗಳಿಗೆ ಎರಡು ಭಾನುವಾರ ತಾಳ್ಯಕ್ಕೆ ಬರುತ್ತಿದ್ದಳು. ಇನ್ನು ಮುಂದೆ ಅವಳು ಯಾರ ಬಳಿ ಇರಬೇಕೆಂದು ಚಿತ್ರದುರ್ಗದ ನ್ಯಾಯಾಲಯದಲ್ಲಿ ದಾವೆ ನಡೆದಿತ್ತು.

ಮಗಳ ಮೇಲಿನ ಪ್ರೀತಿಗಾಗಿಯೇ ಈ ಹೋರಾಟವೆಂದು ಇಬ್ಬರೂ ಹೇಳುತ್ತಿದ್ದರು. ಆ ಪ್ರೀತಿಯ ಚೆಂದವನ್ನು ಕೇಳಿ. ಮಗಳು ತಾಳ್ಯದಿಂದ ಮರಳಿದ ಕೂಡಲೇ ತಾಯಿ ಅವಳ ಕೈಕಾಲು ತಿರುಗಿಸಿ, ಸೊಳ್ಳೆ ಕಚ್ಚಿದ ಗುರುತುಗಳ ಫೋಟೊ ತೆಗೆದು ವಕೀಲರಿಗೆ ಕಳಿಸುತ್ತಿದ್ದಳು. ಹೊಸದುರ್ಗದಲ್ಲಿ ಸೊಳ್ಳೆಗಳೇ ಇಲ್ಲವೇನೋ! ತಂದೆಯಾದರೋ ಭಾನುವಾರ ಪೂರ್ತಿ ಮಗಳನ್ನು ಎದುರಿಗೆ ಕೂರಿಸಿಕೊಂಡು, ನ್ಯಾಯಾಧೀಶರು ಕೇಳಿದಾಗ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಸುತ್ತಿದ್ದ.

ಒಂದು ಭಾನುವಾರ ಮಧ್ಯಾಹ್ನ ಮಗು ಮುದ್ದೆ ಮುಟ್ಟದೆ ತುಟಿ ಅಲ್ಲಾಡಿಸುತ್ತ ಕುಳಿತಿತ್ತು.

"ಉಣ್ಣು ಮಗಾ," ಎಂದಳು ಏಕಾಂತಮ್ಮ.

"ತಡಿ ಅಜ್ಜಿ, ಮರ್ತೋಗುತ್ತೆ. ಅಮ್ಮ ನೈಟ್ ಡ್ಯೂಟಿಗೆ ಹೋದ್ರೆ ಭಯ ಆಗುತ್ತೆ, ಅಪ್ಪನ ಹತ್ರ ಇರ್ತೀನಿ. ಇದು ಅಪ್ಪ ಹೇಳಿಕೊಟ್ಟಿದ್ದು. ಅಪ್ಪ ಬೈತಾರೆ, ತಾಳ್ಯ ಬೇಡ. ಇದು ಅಮ್ಮ ಹೇಳಿಕೊಟ್ಟಿದ್ದು. ಯಾವ್ದು ಮೊದ್ಲು ಹೇಳ್ಲಿ?"

ಏಕಾಂತಮ್ಮ ಎದ್ದು ಮಗನ ಮುಂದೆ ನಿಂತಳು. "ಲೇ ಚೇತನಾ, ಮೂರರ ಮಗ್ಗಿ ನೆಟ್ಟಗೆ ಬರ್ತಿರ್ಲಿಲ್ಲ ನಿಂಗೆ. ನೀನು ಪಾಠ ಹೇಳ್ತೀಯೇನಲೇ?"

"ಸುಮ್ಕಿರವ್ವ. ಕೂಸು ಇಲ್ಲಿಗೆ ಬಂದ್ರೆ ನಿಂಗೇ ತಾನೆ ಖುಷಿ?"

ಅದು ಸುಳ್ಳಲ್ಲ. ಮೊಮ್ಮಗಳು ತನ್ನ ಮನೆಯಲ್ಲಿ ಬೆಳೆಯಬೇಕೆಂಬುದಕ್ಕಿಂತ ದೊಡ್ಡ ಆಸೆ ಅವಳಿಗಿರಲಿಲ್ಲ.

ನ್ಯಾಯಾಲಯದವರು ಸಂಧಾನಕ್ಕೆ ಕರೆದ ದಿನ ಏಕಾಂತಮ್ಮ ನನ್ನನ್ನೂ ಜೊತೆಗೆ ಕರೆದೊಯ್ದಳು. ಸಂಧಾನ ನಡೆಸುವ ವಕೀಲೆ ಮನೆಯ ಹಿರಿಯರು ಏನನ್ನುತ್ತಾರೆಂದು ಕೇಳಿದಾಗ ಏಕಾಂತಮ್ಮ ಸೆರಗು ಸರಿಮಾಡಿಕೊಂಡಳು.

"ನಾನು ಇವನ ತಾಯಿ. ಆದ್ರೂ ಹೇಳ್ತೀನಿ. ಕೂಸಿನ ಶಾಲೆ ಹೊಸದುರ್ಗದಾಗೆ ಐತೆ, ಗೆಳತೇರು ಅಲ್ಲೇ ಅವ್ರೆ. ಅಲ್ಲೇ ಇರ್ಲಿ. ಇವನು ಹೊತ್ತು ಮುಳುಗಿದ ಮ್ಯಾಲೆ ಮನೆಗೆ ಬರೋನು; ಸಾಕೋಳು ನಾನು. ನನ್ನಾಸೆಗೆ ಕೂಸನ್ನ ಕಿತ್ಕಂಡು ಬರಾಕಾಗುತ್ತೇನ್ರಿ?"

ಚೇತನ್ ಕೆಂಪಗಾದ. ಅನುಸೂಯಳ ಮುಖ ಅರಳಿತು.

"ನೀನು ನಗಬ್ಯಾಡವ್ವಾ. ನೈಟ್ ಡ್ಯೂಟಿ ದಿನ ಕೂಸನ್ನ ಪಕ್ಕದ ಮನೇಲಿ ಮಲಗಿಸ್ತೀಯ, ನನ್ನ ಕರೆದ್ರೆ ನಿನ್ನ ಮಾನ ಹೋಗುತ್ತೆ. ಇಬ್ರೂ ಸೇರಿ ಕೂಸಿಗೆ ಸುಳ್ಳು ಕಲಿಸೀರಿ. ನಾಚ್ಕೆ ಆಗಬೇಕು."

ಒಪ್ಪಂದಕ್ಕೆ ಬರಲು ಇನ್ನೂ ಎರಡು ಭೇಟಿ ಹಿಡಿಯಿತು. ಮಗು ತಾಯಿಯ ಬಳಿ. ವಾರ ಬಿಟ್ಟು ವಾರ ಶನಿವಾರ, ಭಾನುವಾರ, ಜೊತೆಗೆ ಶಾಲೆಯ ರಜೆಗಳಲ್ಲಿ ಅರ್ಧ ಭಾಗ ತಾಳ್ಯದಲ್ಲಿ. ತಾಯಿಗೆ ರಾತ್ರಿ ಪಾಳಿ ಇದ್ದಾಗ ಅಜ್ಜಿ ಹೊಸದುರ್ಗದಲ್ಲಿ. ಒಬ್ಬರ ಮೇಲೊಬ್ಬರು ಮಗುವಿಗೆ ಚಾಡಿ ಹೇಳಕೂಡದೆಂದೂ ಬರೆಸಿದರು. ಓದುಬರಹ ಬಲ್ಲ ದೊಡ್ಡವರಿಬ್ಬರಿಗೆ ಇಷ್ಟನ್ನೂ ಕಾಗದದಲ್ಲಿ ಬರೆದುಕೊಡಬೇಕಾಯಿತು! ನ್ಯಾಯಾಧೀಶರು ಮಗುವನ್ನು ಮಾತಾಡಿಸಿ, ಒಪ್ಪಂದವನ್ನು ಅಂಗೀಕರಿಸಿದರು.

ಹೆತ್ತ ತಾಯಿಯ ಮೇಲೆ ಮುನಿದು ಚೇತನ್ ಎರಡು ತಿಂಗಳು ಮಾತು ಬಿಟ್ಟ. "ಸುಮ್ಕಿದ್ರೇ ಚೆನ್ನಾಗವ್ನೆ ಮೇಷ್ಟ್ರೇ," ಎಂದಳು ಏಕಾಂತಮ್ಮ.

ಒಪ್ಪಂದವಾದ ಮೇಲೆ ಸೊಸೆಗೆ ರಾತ್ರಿ ಪಾಳಿ ಬಿದ್ದ ಮೊದಲ ದಿನ ಏಕಾಂತಮ್ಮ ಸಂಜೆಯ ಬಸ್ಸಿಗೆ ಹೊಸದುರ್ಗಕ್ಕೆ ಹೋದಳು. ಅನುಸೂಯ ಬಾಗಿಲು ತೆರೆದು, ಮುಖ ಪಕ್ಕಕ್ಕೆ ತಿರುಗಿಸಿ, "ಬರ್ರಿ ಅತ್ತೆ," ಎಂದಳಂತೆ.

"ಮಕ ನೋಡದಿದ್ರೆ ಬ್ಯಾಡ ಬಿಡು. ಡ್ಯೂಟಿಗೆ ಹೊತ್ತಾತು, ನಡಿ," ಎಂದು ಏಕಾಂತಮ್ಮ ಒಳಗೆ ಹೋಗಿ ಮೊಮ್ಮಗಳ ಪಕ್ಕದಲ್ಲಿ ಚಾಪೆ ಹಾಸಿದಳು.