ಪೂಜೆಗೆ ಇಡದ ಸ್ಪ್ಯಾನರು

ಮೊದಲು ಕೇಳಿಸಿದ್ದು ‘ಟಕ್’ ಎಂಬ ಸದ್ದು. ಜೋರಾಗಿಯೇನೂ ಇರಲಿಲ್ಲ, ಪಕ್ಕದ ಕೋಣೆಯಲ್ಲಿ ಯಾರೋ ಅಡಿಕೆ ಕತ್ತರಿಸಿದಷ್ಟು. ಅದರ ಬೆನ್ನಿಗೇ ಎಡಗಡೆಯ ಟೈರು ತಗಡಿಗೆ ಉಜ್ಜುವ ಕಿರುಚು, ಸುಟ್ಟ ರಬ್ಬರಿನ ವಾಸನೆ, ಸ್ಟೇರಿಂಗಿಗೆ ಜೋತುಬಿದ್ದ ಭಾವನ ಎರಡು ಕೈ. ಇಷ್ಟು ವರ್ಷಗಳಾದರೂ ಒಬ್ಬಳೇ ಕೂತಾಗ ನನ್ನ ಮನಸ್ಸು ಆ ಸದ್ದಿಗಿಂತ ಒಂದು ಗಂಟೆ ಹಿಂದಕ್ಕೆ ಹೋಗಿ ನಿಂತುಬಿಡುತ್ತದೆ. ನಾನು ಬಾಯಿ ತೆರೆಯಬೇಕಾಗಿದ್ದದ್ದು ಆಗ.

ಭಾವ ಎಂದರೆ ನನ್ನ ಅಕ್ಕನ ಗಂಡ. ಸರ್ಜಾಪುರದ ಕಡೆಯವರು. ಕೊಳವೆಬಾವಿಗೆ ಮೋಟಾರು ಇಳಿಸುವುದು, ಕೆಟ್ಟದ್ದನ್ನು ಮೇಲೆತ್ತಿ ರಿಪೇರಿ ಮಾಡಿ ಮತ್ತೆ ಇಳಿಸುವುದು ಅವರ ಕಸುಬು. ಅಕ್ಕನಿಗೆ ಮೋಟಾರಿಗೆ ತಂತಿ ಸುತ್ತುವ ವೈಂಡಿಂಗ್ ಕೆಲಸ ಗೊತ್ತಿದ್ದುದರಿಂದ ಗಂಡಹೆಂಡತಿ ಒಟ್ಟಿಗೇ ಹೊರಡುತ್ತಿದ್ದರು. ಅವರ ಪಿಕಪ್ ಗಾಡಿಯ ಎಡಗಡೆಯ ಸೀಟು ಅಕ್ಕನದು. ಅವಳ ಟೆಸ್ಟರು, ಊಟದ ಡಬ್ಬಿ, ಕೆಸರಿಗೆಂದು ಇಟ್ಟ ಹಳೇ ಚಪ್ಪಲಿ ಸದಾ ಅಲ್ಲೇ ಇರುತ್ತಿದ್ದವು.

ಆ ಗಾಡಿಯ ಮುಂದಿನ ಎರಡು ಚಕ್ರಗಳೂ ಕಾರಿನಂತೆ ಬೇರೆಬೇರೆಯಾಗಿ ಏಳುವ, ಬೀಳುವ ಜಾತಿಯವು. ಟಾರು ರಸ್ತೆಯಲ್ಲಿ ಸುಖ. ಆದರೆ ಭಾವನ ದಾರಿ ಇನ್ನೂ ಜಲ್ಲಿ ಕಾಣದ ಹೊಸ ಲೇಔಟುಗಳದು, ಮೇಲೆ ಕಬ್ಬಿಣದ ಪೈಪುಗಳ ಭಾರ. ಎರಡು ಸಲ ಮುಂದಿನ ಜಾಯಿಂಟು ಕಿತ್ತುಬಂದಿತ್ತು. ಮೂರನೆಯ ಸಲ ಹೂಡಿಯ ಹತ್ತಿರ, ಅಕ್ಕ ಒಳಗೆ ಕೂತಿರುವಾಗಲೇ, ಎಡಚಕ್ರ ಪೂರ್ತಿ ಮಗ್ಗುಲಿಗೆ ಮಲಗಿತು. ಆ ಸಂಜೆ ಭಾವ ನಮ್ಮ ಮನೆಗೆ ಬಂದರು.

“ಲಾರಿ ಮುಂದೆ ಏನದೆ? ಈ ಚಕ್ರದಿಂದ ಆ ಚಕ್ರಕ್ಕೆ ಒಂದೇ ಆಕ್ಸಲ್ಲು, ಮ್ಯಾಲೆ ಪ್ಲೇಟು. ನಮ್ಮದಕ್ಕೂ ಅಂಗೇ ಮಾಡ್ಸನ. ನಿಮ್ಮಕ್ಕನ್ನ ಇನ್ನು ಇಂಗೆ ಕೂರಿಸ್ಕೊಂಡು ಓಗಾಕೆ ನಂಗೆ ಧೈರ್ಯ ಇಲ್ಲ. ಆಯ್ತದೋ ಇಲ್ವೋ, ಯೋಳು ಇಂಜಿನಿಯರಮ್ಮ.”

“ಆಗುತ್ತೆ ಭಾವ. ಆದ್ರೆ ಬೆಸುಗೆ ಹಾಕಿ ಅಂಟಿಸಿಬಿಡೋ ಕೆಲ್ಸ ಅಲ್ಲ ಅದು.”

ನಾನು ಮೆಕ್ಯಾನಿಕಲ್ ಓದಿ ಪೀಣ್ಯದ ಒಂದು ಗೇರು ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸದಲ್ಲಿದ್ದೆ. ತುಮಕೂರು ರಸ್ತೆಯ ಮೇಲೆ ಸೇತುವೆಯ ಕಂಬಗಳು ಏಳುತ್ತಿದ್ದ ಕಾಲ. ನಮ್ಮ ಕಾರ್ಖಾನೆಯ ಹಿಂದಿನ ಅಡ್ಡರಸ್ತೆಯಲ್ಲಿ ಬಾಗಲಕೋಟೆ ಕಡೆಯ ಮೇಸ್ತ್ರಿಯೊಬ್ಬರ ಗ್ಯಾರೇಜಿತ್ತು. ಟ್ರಾಕ್ಟರು, ಜೀಪುಗಳಲ್ಲಿ ಪಳಗಿದ ಕೈ. ಗುಜರಿಯಿಂದ ಹಳೇ ಜೀಪಿನ ಮುಂದಿನ ಆಕ್ಸಲ್ ಹುಡುಕಿ ತಂದವರು ಅವರೇ. ಆರ್‌ಟಿಓ ಒಪ್ಪಿಗೆ ಕೈಗೆ ಬರದೆ ಗಾಡಿಯ ಅಡಿ ಚೌಕಟ್ಟಾದ ಚಾಸಿಗೆ ಗ್ಯಾಸ್ ಕಟರ್ ಮುಟ್ಟಿಸಬಾರದು ಎಂದು ಹಟ ಹಿಡಿದವಳು ನಾನು. ಮೇಸ್ತ್ರಿ ನಕ್ಕರೂ ಕಾದರು.

ಒಪ್ಪಿಗೆ ಸಿಕ್ಕಿದ ಮೇಲೆ ಭಾನುವಾರಗಳೆಲ್ಲ ಗ್ಯಾರೇಜಿನಲ್ಲೇ ಕಳೆದವು. ಮುಂದಿನ ಚಕ್ರಗಳನ್ನು ಹಿಡಿದಿದ್ದ ಹಳೆಯ ತೋಳುಗಳನ್ನು ಬಿಚ್ಚಿ, ಚಾಸಿಯನ್ನು ಉಜ್ಜಿ, ಪ್ಲೇಟು ತೂಗುಹಾಕುವ ಬ್ರಾಕೆಟ್‌ಗಳನ್ನು ಕೂರಿಸಿದೆವು. ಪ್ಲೇಟು ಎಂದರೆ ಒಂದರ ಮೇಲೊಂದು ಪೇರಿಸಿದ ಬಾಗಿದ ಉಕ್ಕಿನ ಪಟ್ಟಿಗಳು. ಎಡಕ್ಕೊಂದು ಬಲಕ್ಕೊಂದು ಕಟ್ಟು. ತಿರುವಿನಿಂದ ಹೊರಬಂದಾಗ ಚಕ್ರ ತಾನಾಗಿ ನೆಟ್ಟಗಾಗಬೇಕಾದರೆ ಆಕ್ಸಲ್ ಎಷ್ಟು ವಾಲಿರಬೇಕು ಎಂದು ನಾನು ಅಳೆದು ಬರೆದುಕೊಟ್ಟೆ. ಮೇಸ್ತ್ರಿ ನನ್ನ ಚೀಟಿ ನೋಡಿ, ಆಮೇಲೆ ಕಣ್ಣಳತೆಯಲ್ಲಿ ನೋಡಿ, “ಎರಡೂ ಒಂದ ಹೇಳತಾವ ಬಿಡ್ರಿ ಅಕ್ಕಾರ” ಅಂದಾಗ ನನಗೆ ಇನ್ನೊಂದು ಡಿಗ್ರಿ ಸಿಕ್ಕಷ್ಟು ಹಿಗ್ಗು.

ಒಂದು ಮಾತನ್ನು ಅವರು ಮೂರು ಸಲ ಹೇಳಿದ್ದರು. “ಈ ನಾಕು ಯು-ಬೋಲ್ಟ್ ಅದಾವಲ್ಲ, ಪ್ಲೇಟನ್ನ ಆಕ್ಸಲ್ಲಿಗೆ ಅವಚಿ ಹಿಡದಿರೂವು ಇವ. ಖಾಲಿ ಗಾಡಿಗೆ ಬಿಗಿ ಮಾಡಿದ್ದು ಬಿಗಿ ಅಲ್ಲರಿ. ಲೋಡ್ ಹೇರಿದ ಮ್ಯಾಲೆ ಪ್ಲೇಟ್ ಕುಂದರತಾವು. ಆವಾಗ ಮತ್ತೊಮ್ಮೆ ಬಿಗೀಬೇಕು.”

ಕೆಲಸ ಮುಗಿದದ್ದು ಆಯುಧಪೂಜೆಯ ಹಿಂದಿನ ಸಂಜೆ. ಹಬ್ಬಕ್ಕೆ ಗಾಡಿ ಮಿರುಗಲಿ ಎಂದು ಮೇಸ್ತ್ರಿ ಪ್ಲೇಟು, ಆಕ್ಸಲ್, ಅವುಗಳ ನಡುವಿನ ಪಟ್ಟಿ, ಎಲ್ಲಕ್ಕೂ ದಪ್ಪಗೆ ಕರಿ ಬಣ್ಣ ಬಳಿದು ಜೋಡಿಸಿದ್ದರು.

ಮರುದಿನ ಪೀಣ್ಯದಲ್ಲಿ ಯಂತ್ರದ ಸದ್ದೇ ಇಲ್ಲ. ಗ್ಯಾರೇಜಿನ ಹಲಗೆಯ ಮೇಲೆ ಸ್ಪ್ಯಾನರುಗಳು, ಸುತ್ತಿಗೆ, ಜಾಕಿ ಸಾಲಾಗಿ ಕೂತಿದ್ದವು. ಒಂದೊಂದಕ್ಕೂ ಅರಿಸಿನ, ಕುಂಕುಮ, ಚೆಂಡುಹೂವು. ಒಮ್ಮೆ ಪೂಜೆಯಾದರೆ ಮಾರನೆಯ ಬೆಳಗಿನವರೆಗೆ ಅವನ್ನು ಮುಟ್ಟುವಂತಿಲ್ಲ. ಮೇಸ್ತ್ರಿ ಮಂಗಳಾರತಿ ಮುಗಿಸಿ, “ಇವತ್ತ ಖಾಲಿ ಗಾಡಿ ಒಂದ್ ಸುತ್ತು ಹಾಕ್ರಿ, ಸಾಕು. ಲೋಡು, ಬಿಗಿ ಮಾಡೂದು ಎಲ್ಲಾ ನಾಳಿಗೆ” ಎಂದು ಹೇಳಿ ಪಕ್ಕದ ಲೇತ್ ಅಂಗಡಿಯ ಪೂಜೆಗೆ ಹೋದರು.

ಭಾವನ ಮನೆಯ ಪದ್ಧತಿ ಬೇರೆ. ಅವರ ತಂದೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾಲದಿಂದ, ಪೂಜೆಯಾದ ಗಾಡಿಯನ್ನು ಖಾಲಿ ಹೊರಡಿಸುವಂತಿಲ್ಲ. “ಬರಿಗಾಡಿ ಓಡಿಸಿದ್ರೆ ವರ್ಸ ಪೂರ್ತಿ ಬರಿಗಾಡೀನೇಯ” ಎನ್ನುತ್ತ ಒಂದೊಂದಾಗಿ ಹದಿನೈದು ಪೈಪು, ಎರಡು ಹಳೇ ಮೋಟಾರು ಹೇರಿದರು.

ನಾನು ನೋಡುತ್ತ ನಿಂತಿದ್ದೆ. ಮೇಸ್ತ್ರಿಯ ಮಾತು ನೆನಪಿತ್ತು, ಬಿಗಿಯಬೇಕೆಂದರೆ ಪೂಜೆಯಾದ ಸ್ಪ್ಯಾನರನ್ನೇ ಎತ್ತಬೇಕಿತ್ತು. ಆದರೆ ಹಿಂದಿನ ವರ್ಷದ ಹಬ್ಬದಲ್ಲಿ ನಮ್ಮ ಕಾರ್ಖಾನೆಯಲ್ಲಿ ಪೂಜೆಗಿಟ್ಟ, ಅಳತೆ ನೋಡುವ ವರ್ನಿಯರ್‌ನ ದವಡೆಗೆ ಕುಂಕುಮ ಸಿಕ್ಕಿದೆಯೆಂದು ಅದನ್ನು ಎತ್ತಿಕೊಂಡು ಒರೆಸಿದ್ದೆ. ಆಮೇಲೆ ಯಾವ ಯಂತ್ರ ಕೆಟ್ಟರೂ “ಮೇಡಂ ಒರೆಸಿದ್ರಲ್ಲ” ಎಂಬ ಮಾತು ಒಂದು ವರ್ಷ ನನ್ನ ಹಿಂದೆಯೇ ಸುತ್ತಿತು. ಅಕ್ಕನ ಮನೆಯವರ ಮುಂದೆಯೂ ಹಾಗೆ ಅನ್ನಿಸಿಕೊಳ್ಳುವುದು ಬೇಡವಾಗಿತ್ತು. ಒಂದು ಸುತ್ತು ತಾನೇ, ಅಂದುಕೊಂಡೆ. ಅಕ್ಕ ಮನೆಯಲ್ಲಿ ಹೋಳಿಗೆ ತಟ್ಟುತ್ತಿದ್ದಳು. ಅವಳ ಸೀಟಿನಲ್ಲಿ ನಾನು ಕೂತೆ. ಚಕ್ರದಡಿಯ ನಿಂಬೆಹಣ್ಣು ಅಪ್ಪಚ್ಚಿಯಾಯಿತು.

ಗ್ಯಾರೇಜಿನಿಂದ ಸ್ವಲ್ಪ ದೂರಕ್ಕೆ ಇಳಿಜಾರು. ಅದರ ಕೊನೆಯಲ್ಲಿ ಎಡಕ್ಕೆ ಒಂದು ಕಾರ್ಖಾನೆಯ ಗೇಟು, ಅಲ್ಲಿ ಕುಂಬಳಕಾಯಿ ಒಡೆಯಲು ಸೇರಿದ ಹತ್ತಿಪ್ಪತ್ತು ಜನ. ಭಾವ ಬ್ರೇಕು ಒತ್ತಿದರು. ಆಗಲೇ ಆ ‘ಟಕ್’. ಗಾಡಿ ಎಡಕ್ಕೆ, ಸೀದಾ ಆ ಜನರ ಕಡೆಗೆ ಎಳೆಯಿತು. ನನ್ನ ಕಾಲಡಿಯ ತಗಡು ಒಳಕ್ಕೆ ಉಬ್ಬಿ ಬಂತು. ಭಾವ ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿಯೇ ಇದ್ದರು, ಚಕ್ರ ಕೇಳುತ್ತಿರಲಿಲ್ಲ. ಗೇಟಿನ ಈಚೆ ಸುರಿದಿದ್ದ ಜಲ್ಲಿ ರಾಶಿಗೆ ಮೂತಿ ತೂರಿಸಿ ಗಾಡಿ ನಿಂತಿತು. ನಾಲ್ಕು ಮಾರು ಆಚೆ ಒಬ್ಬರು ಕರ್ಪೂರ ಉರಿಯುವ ಕುಂಬಳಕಾಯಿಯನ್ನು ತಲೆಯ ಮೇಲೆತ್ತಿ ಹಾಗೆಯೇ ನಿಂತುಬಿಟ್ಟಿದ್ದರು.

“ಏನ್ ಗುರೂ, ಕುಂಬಳಕಾಯಿ ಬದ್ಲು ನಮ್ಮನ್ನೇ ಹೊಡ್ದಾಕ್ತಿದ್ದಲ್ಲೋ!” ಎಂದು ಯಾರೋ ಕೂಗಿದರು. ಇನ್ನೊಬ್ಬರು ನೀರು ತಂದುಕೊಟ್ಟರು.

ಸುದ್ದಿ ಹೋಗಿ ಮೇಸ್ತ್ರಿ ಓಡಿಬಂದರು. ಅವರ ಕೈಯಲ್ಲಿ ಜಾಕಿ, ಸ್ಪ್ಯಾನರು. ಕುಂಕುಮ ಹಾಗೆಯೇ ಇತ್ತು, ಜಾಕಿಯ ಹಿಡಿಯಲ್ಲಿ ಚೆಂಡುಹೂವು ಸಿಕ್ಕಿಕೊಂಡಿತ್ತು. ಸೀದಾ ಗಾಡಿಯಡಿ ತೂರಿದರು. ಪಟ್ಟಿಗಳ ನಡುವಿನ ದಪ್ಪ ಬಣ್ಣ ಒತ್ತಡಕ್ಕೆ ಜಜ್ಜಿ ಹೋಗಿ ಎಡಗಡೆಯ ಯು-ಬೋಲ್ಟುಗಳು ಸಡಿಲವಾಗಿದ್ದವು. ಪ್ಲೇಟು ಕಟ್ಟಿನ ನಡುವಿನ ಬೋಲ್ಟು ತುಂಡಾಗಿ ಆಕ್ಸಲ್ ಒಂದು ಗೇಣು ಹಿಂದೆ ಸರಿದಿತ್ತು.

“ಲೋಡ್ ಯಾರು ಹೇರಿದ್ರಿ?”

ಭಾವ ತಲೆ ತಗ್ಗಿಸಿದರು. “ನಾನು ನೋಡ್ತಾ ಇದ್ದೆ,” ಅಂದೆ.

“ನೋಡಿ ಸುಮ್ಮನಿದ್ರೇನ್ರಿ?” ಬೈಗುಳವಾಗಿದ್ದರೆ ಸಹಿಸಬಹುದಿತ್ತು. ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಜಜ್ಜಿದ ಬಣ್ಣವನ್ನು ಉಗುರಿನಿಂದ ಕೆರೆದು ನೋಡಿ, “ಬಣ್ಣಾ ಬಳದಿದ್ದು ನಂದೂ ತಪ್ಪದ” ಅಂದರು.

ಎಲ್ಲ ಬಿಚ್ಚಿಹಾಕಿ ಗಾಡಿಯನ್ನು ಗುಜರಿಗೆ ಕೊಟ್ಟುಬಿಡೋಣ ಎಂದು ಭಾವ ಗ್ಯಾರೇಜಿಗೆ ಮರಳುವ ದಾರಿಯುದ್ದಕ್ಕೂ ಅನ್ನುತ್ತಿದ್ದರು. ಸಂಜೆ ಅಕ್ಕ ಗ್ಯಾರೇಜಿಗೆ ಬಂದಳು. ಉಬ್ಬಿದ ತಗಡಿನಡಿ ಸಿಕ್ಕಿಕೊಂಡಿದ್ದ ತನ್ನ ಚಪ್ಪಲಿಯನ್ನು ಎಳೆದು ನೋಡಿದಳು. ಬರಲಿಲ್ಲ.

“ಇದು ಲಾರಿಗೆ ಆಗುತ್ತೆ, ಜೀಪಿಗೆ ಆಗುತ್ತೆ, ನಮಗೆ ಯಾಕೆ ಆಗಲ್ಲ?” ಎಂದಳು. ಆಮೇಲೆ ನನ್ನ ಕಡೆ ತಿರುಗಿ, “ಸರಿ ಮಾಡು. ಮೊದ್ಲು ನೀನು ಕೂತ್ಕೊಂಡ್ ಬಾ. ಆಮೇಲೆ ನಾನು ಕೂರ್ತೀನಿ.”

ನಾನು ಒಂದು ವಾರ ರಜೆ ಹಾಕಿದೆ. ಪ್ಲೇಟುಗಳನ್ನು ಪೂರ್ತಿ ಬಿಚ್ಚಿ, ಒಂದೊಂದು ಪಟ್ಟಿಯ ಬಣ್ಣವನ್ನೂ ಉಕ್ಕು ಕಾಣುವವರೆಗೆ ಉಜ್ಜಿದೆವು. ಉಜ್ಜುವಾಗ ಬ್ರಶ್ಶಿನ ಪ್ರತಿ ಎಳೆತಕ್ಕೂ ಆ ಟೈರಿನ ಕಿರುಚು ಕೇಳುತ್ತಿತ್ತು, ನಿಲ್ಲಿಸಲಿಲ್ಲ. ಬೋಲ್ಟುಗಳನ್ನೆಲ್ಲ ಹೊಸದಾಗಿ, ಗಟ್ಟಿ ಉಕ್ಕಿನವೇ ತಂದೆವು. ಬಿಗಿಯನ್ನು ಅಳೆಯುವ ಸ್ಪ್ಯಾನರನ್ನು ಕಾರ್ಖಾನೆಯಿಂದ ಕೇಳಿ ತಂದೆ. ಸರಿದ ಚಕ್ರ ಎಳೆದಾಡಿದ್ದ ಬ್ರೇಕಿನ ಪೈಪು, ಸ್ಟೇರಿಂಗಿನ ಕಂಬಿ ಎರಡನ್ನೂ ಬದಲಿಸಿದೆವು. ಆಮೇಲೆ ಅದೇ ಹದಿನೈದು ಪೈಪು, ಅದೇ ಎರಡು ಮೋಟಾರು ಹೇರಿ, ನಿಂತಲ್ಲೇ ನಟ್ಟುಗಳನ್ನು ಮತ್ತೊಮ್ಮೆ ಬಿಗಿದೆವು. ಅರ್ಧ ಸುತ್ತು ತಿರುಗಿದವು. ಒಂದೊಂದು ನಟ್ಟಿನ ಮೇಲೂ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ.

ಮತ್ತೆ ಅದೇ ಇಳಿಜಾರು. ಭಾವ ನನ್ನ ಮುಖ ನೋಡಿದರು. “ಇಳೀತೀಯೇನವ್ವಾ?”

“ಇಲ್ಲ. ಬಿಡಿ ಗಾಡಿ.”

ಸೀಟಿನ ಅಂಚನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಬೆರಳಿನ ಗುರುತು ರೆಕ್ಸಿನಿನ ಮೇಲೆ ಉಳಿದಿತ್ತು. ಗೇಟು ಬಂತು, ಬ್ರೇಕು ಬಿತ್ತು, ಗಾಡಿ ನೆಟ್ಟಗೆ ನಿಂತಿತು. ಹತ್ತು ಕಿಲೋಮೀಟರ್ ಓಡಿಸಿ ಬಿಗಿದಾಗ ನಟ್ಟು ಕಾಲು ಸುತ್ತು ತಿರುಗಿತು. ದೊಡ್ಡನೆಕ್ಕುಂದಿಗೆ ಹೋಗಿಬಂದ ಮೇಲೆ ಕೂದಲೆಳೆಯಷ್ಟು. ಸರ್ಜಾಪುರಕ್ಕೆ ಹೋಗಿಬಂದ ಮೇಲೆ ಮೇಸ್ತ್ರಿ ಸ್ಪ್ಯಾನರಿಗೆ ಉದ್ದದ ಪೈಪು ಸಿಕ್ಕಿಸಿ ತೂಗಿದರೂ ಅಲ್ಲಾಡಲಿಲ್ಲ. ಹೊಸ ಚಪ್ಪಲಿಯನ್ನು ಸೀಟಿನಡಿ ಇಟ್ಟು ಅಕ್ಕ ಹತ್ತಿ ಕೂತಳು. ಬಾಗಿಲನ್ನು ಎರಡು ಸಲ ಹಾಕಿದಳು.

ಮುಂದಿನ ವರ್ಷದ ಆಯುಧಪೂಜೆಗೆ ಗಾಡಿ ಪೈಪು ಹೊತ್ತುಕೊಂಡೇ ಗ್ಯಾರೇಜಿಗೆ ಬಂತು. ಹಲಗೆಯ ಮೇಲೆ ಎಲ್ಲವೂ ಸಾಲಾಗಿ ಕೂತಿದ್ದವು, ಯು-ಬೋಲ್ಟಿನ ಸ್ಪ್ಯಾನರೊಂದನ್ನು ಬಿಟ್ಟು. ಮೇಸ್ತ್ರಿ ಅದನ್ನು ನನ್ನ ಕೈಗೆ ಕೊಟ್ಟರು.

“ಇದಕ್ಕ ಕುಂಕುಮ ಹಚ್ಚಿಲ್ಲರಿ ಅಕ್ಕಾರ. ನೋಡಿ ಬರ್ರಿ.”

ಕರ್ಪೂರ ಕಾಯುತ್ತಿತ್ತು, ಜನ ಕಾಯುತ್ತಿದ್ದರು. ಸೀರೆಯ ಸೆರಗು ಸಿಕ್ಕಿಸಿಕೊಂಡು ಗಾಡಿಯಡಿ ಮಲಗಿ ಎಂಟು ನಟ್ಟುಗಳನ್ನೂ ಒಂದೊಂದಾಗಿ ಎಳೆದು ನೋಡಿದೆ. ಎಲ್ಲವೂ ನಿಂತಲ್ಲೇ ನಿಂತಿದ್ದವು. ಎಡಗಡೆಯವನ್ನು ಮತ್ತೊಮ್ಮೆ ನೋಡಿದೆ. ಆಮೇಲೆ ಸ್ಪ್ಯಾನರನ್ನು ಅಕ್ಕನ ಸೀಟಿನ ಹಿಂದೆ ಸಿಕ್ಕಿಸಿ, ಇನ್ನು ಕರ್ಪೂರ ಹಚ್ಚಬಹುದು ಎಂದೆ.